ಜಾವಾ ಹೊಸದು, ಗ್ರೇಡಲ್ ಹಳೇದು

ಪ್ರಶ್ನೆ: ಸರ, ನಮ್ಮ ಆಫೀಸಿನ್ಯಾಗ ರಾತ್ರಿ ತಾನ ಬಿಲ್ಡ್ (ಕೋಡಿಂದ ಓಡೂ ಪ್ರೋಗ್ರಾಮ್ ತಯಾರ್ ಮಾಡೂದು) ಆಗೂ ಹಂಗ ಜೆಂಕಿನ್ಸ್ ಅನ್ನೂ ಸಾಫ್ಟ್‌ವೇರ್ ಹಚ್ಚೇವಿ. ಮೊನ್ನೆ ಸರ್ವರ್‌ನ್ಯಾಗ ಜಾವಾ 17 ತಗದು 21 ಹಾಕಿದ್ವಿ, ಆವಾಗಿಂದ 'ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಷನ್ 65' ಅಂತ ಬಂದು ನಿಂತಬಿಡ್ತೈತಿ. ಕೋಡ್ ಒಂದ ಸಾಲೂ ಮುಟ್ಟಿಲ್ಲ. ಏನ್ ಮಾಡೂದ್ರಿ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಕೋಡಿಂದೇನೂ ತಪ್ಪಿಲ್ರಿ. 65 ಅಂದ್ರ ಜಾವಾ 21ರ ಕ್ಲಾಸ್ ಫೈಲ್ (ಕೋಡ್ ಕಂಪೈಲ್ ಆದ ಮ್ಯಾಲೆ ಬರೂ ಫೈಲ್) ನಂಬರ್, 17ರದ್ದು 61. ನಿಮ್ಮ ಗ್ರೇಡಲ್, ಅಂದ್ರ ಬಿಲ್ಡ್ ಮಾಡೂ ಟೂಲ್, ಹಳೇದಿರಬೇಕು, ಅದಕ್ಕ 65 ಓದಾಕ ಬರಂಗಿಲ್ಲ, ಜಾವಾ 21ರ ಮ್ಯಾಲೆ ಓಡಬೇಕಂದ್ರ ಕಮ್ಮಿ ಅಂದ್ರೂ ಗ್ರೇಡಲ್ 8.5 ಬೇಕು. ಇವತ್ತಿನ ಬಿಲ್ಡ್ ನಡೀಲಿ ಅಂದ್ರ ಆ ಜಾಬ್‌ಗಷ್ಟ ಜಾವಾ 17 ಮತ್ತ ಹಾಕಿ, ಜಾವಾ ಹೋಮ್ (ಯಾವ ಜಾವಾ ಬಳಸಬೇಕು ಅಂತ ಹೇಳೂ ಸೆಟ್ಟಿಂಗ್) ವಾಪಸ್ ಅದಕ್ಕ ತೋರಸ್ರಿ. ಹಳೇ ಜಾವಾ ಕಿತ್ತ ಒಗಿಯೂ ಅವಸರ ಯಾಕ ಅಂತೀನಿ, ಎರಡೂ ಒಂದ ಮಷೀನ್‌ನ್ಯಾಗ ಆರಾಮ ಇರ್ತಾವು.

ಆಮ್ಯಾಲೆ ಬ್ಯಾರೆ ಬ್ರ್ಯಾಂಚ್‌ನ್ಯಾಗ (ಕೋಡಿನ ಬ್ಯಾರೆ ಕವಲು) ಗ್ರೇಡಲ್ ಏರಸ್ರಿ. ಗ್ರೇಡಲ್ ವ್ರ್ಯಾಪರ್ (ಬೇಕಾದ ಗ್ರೇಡಲ್ ತಾನ ತಂದು ಓಡಸೂ ಸ್ಕ್ರಿಪ್ಟ್) ಪ್ರಾಪರ್ಟೀಸ್ ಫೈಲ್‌ನ್ಯಾಗ ಡಿಸ್ಟ್ರಿಬ್ಯೂಶನ್ ಯುಆರ್‌ಎಲ್ ಅಂತ ಸಾಲ್ ಐತಿ ನೋಡ್ರಿ, ವರ್ಷನ್ ಅಲ್ಲೇ ಇರ್ತೈತಿ, ಆ ಫೈಲ್ ಗಿಟ್‌ಗೆ (ಕೋಡಿನ ಬದಲಾವಣೆ ಇಟ್ಟುಕೊಳ್ಳೂ ವ್ಯವಸ್ಥೆ) ಹಾಕಿ ಜೆಂಕಿನ್ಸ್‌ನ್ಯಾಗೂ ವ್ರ್ಯಾಪರ್ ಸ್ಕ್ರಿಪ್ಟ್‌ನ ಓಡಿಸಿದ್ರ ಎಲ್ಲಾ ಕಡೆ ಒಂದ ವರ್ಷನ್. ಏರಸೂಕಿಂತ ಮದ್ಲ ಗ್ರೇಡಲ್‌ದ ವಾರ್ನಿಂಗ್ ಮೋಡ್ 'ಆಲ್' (ಎಲ್ಲಾ ಎಚ್ಚರಿಕೆ ತೋರಸು) ಇಟ್ಟು ಒಮ್ಮೆ ಬಿಲ್ಡ್ ಮಾಡ್ರಿ, ಮುಂದ ಮುರಿಯೂ ಪ್ಲಗಿನ್ (ಗ್ರೇಡಲ್‌ಗೆ ಸೇರಸೂ ಹೆಚ್ಚಿನ ಭಾಗ) ಭಾಳಷ್ಟು ಅಲ್ಲೇ ಹೆಸರ್ ಹೇಳ್ತಾವು.