ಕೆಲಸ ಬಿಟ್ಟು ನನ್ನ ಓಪನ್ ಸೋರ್ಸ್ ಯೋಜನೆಗೇ ಪೂರ್ತಿ ಸಮಯ ಕೊಡಬೇಕೆಂದಿದ್ದೇನೆ. ಎಂಐಟಿ ಲೈಸೆನ್ಸ್ ಹಾಕಲೇ, ಜಿಪಿಎಲ್ ಹಾಕಲೇ?

ನಿಮ್ಮ ಪ್ರಶ್ನೆಯ ಜೊತೆಗಿನ ವಿವರಣೆಯಲ್ಲಿ ಯೋಜನೆಯ ಕೋಡಿನ ಬಗ್ಗೆ ‘ಆಫೀಸು ಮುಗಿಸಿ ಬಂದು ರಾತ್ರಿ ಹೊತ್ತು ಬರೆದದ್ದು’ ಎಂಬ ಒಂದು ಮಾತಿದೆ. ಈ ಉತ್ತರ ಬರೆಯಲು ಕುಳಿತದ್ದು ಆ ಮಾತಿಗಾಗಿ. ಲೈಸೆನ್ಸಿನ ವಿಷಯಕ್ಕೆ, ಅಂದರೆ ಎಲ್ಲರಿಗೂ ತೆರೆದಿಟ್ಟ ಓಪನ್ ಸೋರ್ಸ್ ಕೋಡನ್ನು ಇತರರು ಯಾವ ಷರತ್ತಿನ ಮೇಲೆ ಬಳಸಬಹುದೆಂಬುದಕ್ಕೆ, ಆಮೇಲೆ ಬರುತ್ತೇನೆ. ನೀವು ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಅದಲ್ಲವೆಂದೇ ನನ್ನ ಅಭಿಪ್ರಾಯ.

2014ರಲ್ಲಿ ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಡೆವಲಪರ್ ಆಗಿದ್ದೆ. ನನ್ನ ಸೋದರಮಾವ ಗದಗದಲ್ಲಿ ಮುದ್ರಣಾಲಯ ನಡೆಸುತ್ತಿದ್ದರು. ಅವರ ಬಳಿ ಹಳೆಯ ‘ನುಡಿ’ ಫಾಂಟಿನಲ್ಲಿ ಟೈಪು ಮಾಡಿದ ಪುಸ್ತಕಗಳ ಕಡತಗಳು ರಾಶಿ ಬಿದ್ದಿದ್ದವು. ಆ ಫಾಂಟುಗಳಲ್ಲಿ ಕನ್ನಡ ಅಕ್ಷರಗಳ ಚೂರುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕುಳಿತಿರುತ್ತವೆಯಾದ್ದರಿಂದ, ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಮಾತ್ರ ಕಾಣುತ್ತದೆ. ಅವನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರಸಂಕೇತಕ್ಕೆ, ಪರಿವರ್ತಿಸುವ ಒಂದು ಲೈಬ್ರರಿ (ಬೇರೆ ತಂತ್ರಾಂಶಗಳೊಳಗೆ ಸೇರಿಸಿಕೊಳ್ಳಬಹುದಾದ ಕೋಡು) ಬರೆಯಲು ಹೊರಟೆ. ಈ ಕೆಲಸಕ್ಕೆ ಬೇರೆ ತಂತ್ರಾಂಶಗಳು ಆಗಲೂ ಇದ್ದವು; ಆದರೆ ಮಾವನ ಕಡತಗಳಲ್ಲಿದ್ದ ಒತ್ತಕ್ಷರಗಳ ಮುಂದೆ ನಾನು ಪ್ರಯತ್ನಿಸಿದವೆಲ್ಲ ಎಡವುತ್ತಿದ್ದವು.

‘ಪಾರ್ಶ್ವ’ ಎಂಬ ಪದವನ್ನೇ ನೋಡಿ. ಹಳೆಯ ಕಡತದಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿರುತ್ತದೆ: ಪಾ, ಶ, ವ ಒತ್ತು, ಕೊನೆಯಲ್ಲಿ ಅರ್ಕಾವತ್ತು. ಯೂನಿಕೋಡ್‌ಗೆ ಬೇಕಾದದ್ದು ಉಚ್ಚಾರಣೆಯ ಕ್ರಮ, ಅಂದರೆ ರಕಾರವು ಶಕಾರಕ್ಕಿಂತ ಮೊದಲು ಬರಬೇಕು. ಆದ್ದರಿಂದ ಅರ್ಕಾವತ್ತು ಸಿಕ್ಕ ಕೂಡಲೇ ಪ್ರೋಗ್ರಾಂ ಹಿಂದಕ್ಕೆ ನಡೆದು, ದಾರಿಯಲ್ಲಿ ಸಿಗುವ ಒತ್ತುಗಳನ್ನೂ ಸ್ವರಚಿಹ್ನೆಗಳನ್ನೂ ದಾಟಿ, ಮೂಲ ವ್ಯಂಜನಕ್ಕೂ ಮೊದಲು ರಕಾರವನ್ನು ಕೂರಿಸಬೇಕು. ‘ರ‍್ಯಾಂಕ್’ನಂಥ ಪದದಲ್ಲಿ ಅರ್ಕಾವತ್ತು ಬಾರದೆ ರ ಅಕ್ಷರಕ್ಕೇ ಯ ಒತ್ತು ಬರುವುದರಿಂದ ಅದಕ್ಕೆ ಬೇರೆಯೇ ಉಪಾಯ ಬೇಕು. ಇದನ್ನೆಲ್ಲ ಸರಿಮಾಡಲು ನನಗೆ ಎರಡು ವರ್ಷ ಹಿಡಿಯಿತು. ಧಾರವಾಡದ ಒಬ್ಬ ಶಿಕ್ಷಕಿ, ಪ್ರೋಗ್ರಾಮಿಂಗ್ ಬಾರದವರು, ನನ್ನ ಲೈಬ್ರರಿ ತಪ್ಪು ಮಾಡುತ್ತಿದ್ದ ಪದಗಳನ್ನು ಪಟ್ಟಿ ಮಾಡಿ ವಾರಕ್ಕೊಮ್ಮೆ ಕಳಿಸುತ್ತಿದ್ದರು.

2017ರಲ್ಲಿ ಒಂದು ಪ್ರಕಾಶನ ಸಂಸ್ಥೆಯವರು ತಮ್ಮ ಹಳೆಯ ಪುಸ್ತಕಗಳನ್ನೆಲ್ಲ ಇದರಿಂದ ಪರಿವರ್ತಿಸಿಕೊಟ್ಟರೆ ಹಣ ಕೊಡುವುದಾಗಿ ಹೇಳಿದರು. ನಾನು ರಾಜೀನಾಮೆ ಕೊಟ್ಟೆ. ಕೊಡುವಾಗ ಮ್ಯಾನೇಜರ್ ಬಳಿ ಕಾರಣವನ್ನೂ ಹೆಮ್ಮೆಯಿಂದ ಹೇಳಿಕೊಂಡೆ.

ಹತ್ತು ದಿನಗಳ ನಂತರ ಕಂಪನಿಯ ಕಾನೂನು ವಿಭಾಗದವರು ಕರೆದರು. ಮೇಜಿನ ಮೇಲೆ ನನ್ನ ರೆಪೊಸಿಟರಿಯ (ಅಂತರ್ಜಾಲದಲ್ಲಿ ಕೋಡು ಇಟ್ಟಿದ್ದ ಸಂಗ್ರಹದ) ಗಿಟ್ ಲಾಗ್ ಅನ್ನು, ಅಂದರೆ ಕೋಡಿನ ಪ್ರತಿ ಬದಲಾವಣೆಯನ್ನು ಯಾರು ಯಾವಾಗ ಮಾಡಿದರೆಂಬ ದಾಖಲೆಯನ್ನು, ಮುದ್ರಿಸಿ ಪಿನ್ ಹೊಡೆದು ಇಟ್ಟಿದ್ದರು. 412 ಕಮಿಟ್‌ಗಳು (ಹೀಗೆ ದಾಖಲಾದ ಬದಲಾವಣೆಗಳು), ಪ್ರತಿಯೊಂದರಲ್ಲೂ ಆಥರ್ ಎಂಬ ಸಾಲಿನಲ್ಲಿ ನನ್ನ ಹೆಸರಿನ ಪಕ್ಕ ಕಂಪನಿಯ ಇಮೇಲ್ ವಿಳಾಸ. ಕೆಲಸಕ್ಕೆ ಸೇರಿದ ಮೊದಲ ದಿನ ಆಫೀಸಿನ ಲ್ಯಾಪ್‌ಟಾಪಿನಲ್ಲಿ ಗಿಟ್ ಕಾನ್ಫಿಗ್ ಮಾಡುವಾಗ ಆ ವಿಳಾಸವನ್ನು ಗ್ಲೋಬಲ್ ಆಗಿ, ಅಂದರೆ ಆ ಲ್ಯಾಪ್‌ಟಾಪಿನ ಎಲ್ಲ ಯೋಜನೆಗಳಿಗೂ ಅನ್ವಯಿಸುವಂತೆ, ಕೊಟ್ಟಿದ್ದೆ, ಆಮೇಲೆ ಅದನ್ನು ಮರೆತೇಬಿಟ್ಟಿದ್ದೆ. ಗಿಟ್ ಸಮಯವನ್ನೂ ಬರೆದಿಡುತ್ತದೆ. 23 ಕಮಿಟ್‌ಗಳಿಗೆ ಹಳದಿ ಬಣ್ಣ ಬಳಿದಿದ್ದರು. ಅವೆಲ್ಲ ಕೆಲಸದ ದಿನಗಳಲ್ಲಿ, ಮಧ್ಯಾಹ್ನ ಎರಡರಿಂದ ನಾಲ್ಕರ ಒಳಗೆ ಮಾಡಿದವು. ಅವುಗಳಲ್ಲಿ ಒಂದು ಮಂಗಳವಾರ ಮಧ್ಯಾಹ್ನ 3:12ರದು. ಸಂದೇಶ: ‘ಅರ್ಕಾವತ್ತು ಸರಿಹೋಯಿತು’. ಊಟ ಮಾಡುತ್ತಿದ್ದಾಗ ಹೊಳೆದ ಉಪಾಯವನ್ನು ಮೀಟಿಂಗ್ ತಪ್ಪಿಸಿ ಬರೆದಿದ್ದೆ. ಆ ಎರಡು ವರ್ಷಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಸಾಲು ಅದು.

ಹೆಚ್ಚಿನವರು ಇಲ್ಲೇ ತಪ್ಪು ತಿಳಿಯುವುದರಿಂದ ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ. ತಪ್ಪು ಇಮೇಲ್ ವಿಳಾಸದ್ದಲ್ಲ, ಆ 23 ಮಧ್ಯಾಹ್ನಗಳದ್ದೂ ಅಲ್ಲ. ಲೈಸೆನ್ಸ್ ಕಡತದಲ್ಲಿ ‘ಕಾಪಿರೈಟ್ 2014’ ಎಂದು ಬರೆದು ಮುಂದೆ ನನ್ನ ಹೆಸರು ಹಾಕಿದ ಮಾತ್ರಕ್ಕೆ ಕೋಡ್ ನನ್ನದಾಯಿತು ಎಂದು ನಂಬಿದ್ದೇ ತಪ್ಪು. ಲೈಸೆನ್ಸ್ ಎಂದರೆ ಹಕ್ಕುದಾರನು ಇತರರಿಗೆ ಕೊಡುವ ಅನುಮತಿ. ಹಕ್ಕೇ ಇಲ್ಲದವನು ಕೊಟ್ಟ ಅನುಮತಿಗೆ ಬೆಲೆಯಿಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಗಳ ಸಾಲಿಗೆ ಸೇರುತ್ತದೆ. ಅದರ 17ನೇ ಸೆಕ್ಷನ್ ಪ್ರಕಾರ ನೌಕರನು ಉದ್ಯೋಗದ ಭಾಗವಾಗಿ ರಚಿಸಿದ ಕೃತಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಉದ್ಯೋಗದಾತನೇ ಮೊದಲ ಹಕ್ಕುದಾರ. ರಾತ್ರಿ ಮನೆಯಲ್ಲಿ ಬರೆದದ್ದು ಉದ್ಯೋಗದ ಭಾಗವಲ್ಲವೆಂದು ವಾದಿಸಬಹುದಿತ್ತು. ಆದರೆ ನನ್ನ ನೇಮಕಾತಿ ಪತ್ರದಲ್ಲಿ ಇನ್ನೊಂದು ಕಲಮು ಇತ್ತು: ಉದ್ಯೋಗದಲ್ಲಿರುವಾಗ ಕಂಪನಿಯ ವ್ಯವಹಾರಕ್ಕೆ ಸಂಬಂಧಿಸಿ ಏನೇ ರಚಿಸಿದರೂ, ಯಾವ ಹೊತ್ತಿನಲ್ಲಿ ರಚಿಸಿದರೂ, ಅದು ಕಂಪನಿಗೆ ಸೇರತಕ್ಕದ್ದು. ಕಂಪನಿ ಮಾಡುತ್ತಿದ್ದದ್ದು ದಾಖಲೆಗಳ ಡಿಜಿಟಲೀಕರಣ. ಆ ಪತ್ರಕ್ಕೆ ಪ್ರತಿ ಪುಟದಲ್ಲೂ ಸಹಿ ಹಾಕಿದ್ದೆ, ಆದರೆ ಓದಿದ್ದು ಸಂಬಳದ ಪುಟವನ್ನು ಮಾತ್ರ.

ಗಿಟ್ ಇತಿಹಾಸವನ್ನು ತಿದ್ದಿ ಇಮೇಲ್ ವಿಳಾಸ ಬದಲಿಸಿಬಿಡು ಎಂದು ಗೆಳೆಯನೊಬ್ಬ ಸಲಹೆ ಕೊಟ್ಟ. ಅದು ಮೋಸವೆಂಬುದು ಒಂದು ಕಡೆಗಿರಲಿ, ಅದರಿಂದ ಪ್ರಯೋಜನವೂ ಇರಲಿಲ್ಲ. ರೆಪೊಸಿಟರಿಯನ್ನು ಕ್ಲೋನ್ (ನಕಲು) ಮಾಡಿಕೊಂಡವರೆಲ್ಲರ ಬಳಿ ಹಳೆಯ ಇತಿಹಾಸ ಹಾಗೆಯೇ ಇತ್ತು. ಕೋಡನ್ನು ಅಂತರ್ಜಾಲದಿಂದ ತೆಗೆದೆ. ಪ್ರಕಾಶಕರು ಕಾಯಲಿಲ್ಲ, ಕಾಯಬೇಕೆಂದು ಕೇಳುವ ಮುಖವೂ ನನಗಿರಲಿಲ್ಲ. ಕೆಲಸ ಬಿಟ್ಟ ಮೇಲೆ, ಹಳೆಯ ಕೋಡನ್ನು ತೆರೆದೂ ನೋಡಕೂಡದೆಂಬ ವಕೀಲರ ಮಾತಿನಂತೆ, ಎಂಟು ತಿಂಗಳು ಕುಳಿತು ಎಲ್ಲವನ್ನೂ ಮೊದಲಿನಿಂದ ಬರೆದೆ. ಹಳೆಯದರಲ್ಲಿ ಉಳಿದುಕೊಂಡದ್ದು ಆ ಶಿಕ್ಷಕಿಯ ಪದಪಟ್ಟಿ ಒಂದೇ. ಅವರು ಯಾರ ನೌಕರಿಗಾಗಿಯೂ ಅದನ್ನು ಬರೆದಿರಲಿಲ್ಲವಾದ್ದರಿಂದ ಅದರ ಮೇಲೆ ಕಂಪನಿಗೆ ಹಕ್ಕಿರಲಿಲ್ಲ.

ಆದ್ದರಿಂದ ಕೆಲಸ ಬಿಡುವ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನೀವು ರಾಜೀನಾಮೆ ಕೊಟ್ಟ ದಿನವೇ ಕಂಪನಿಗೆ ನಿಮ್ಮ ಯೋಜನೆಯ ಮೇಲೆ ಆಸಕ್ತಿ ಹುಟ್ಟುತ್ತದೆ. ಅನುಮತಿ ಕೇಳಬೇಕಾದದ್ದು ನೀವು ಅವರಿಗೆ ಬೇಕಾದವರಾಗಿರುವಾಗಲೇ. ಬಾಯಿಮಾತಿನ ಒಪ್ಪಿಗೆ ಸಾಲದು. ಈಗಾಗಲೇ ಬರೆದ ಕೋಡಿನ ಹಕ್ಕನ್ನು ಕಂಪನಿ ನಿಮಗೆ ವರ್ಗಾಯಿಸುವುದಾದರೆ ಅದು ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಎಷ್ಟು ಕಾಲಕ್ಕೆ, ಯಾವ ಪ್ರದೇಶಕ್ಕೆ ಎಂಬುದನ್ನು ಅದರಲ್ಲಿ ಬರೆಸಲೇಬೇಕು. ಬರೆಸದಿದ್ದರೆ 19ನೇ ಸೆಕ್ಷನ್ ಪ್ರಕಾರ ಅದು ಐದು ವರ್ಷಕ್ಕೆ, ಭಾರತಕ್ಕೆ ಮಾತ್ರ ಎಂದಾಗುತ್ತದೆ. ಇಡೀ ಜಗತ್ತಿಗೆ ಕೊಡಲು ಹೊರಟ ಕೋಡಿಗೆ ಇದರಿಂದ ಏನು ಉಪಯೋಗ? ನಾನು ವಕೀಲನಲ್ಲ, ಕಾಗದವನ್ನು ಒಬ್ಬ ವಕೀಲರಿಗೆ ತೋರಿಸಿ. ಮುಂದಿನ ಕಂಪನಿಗೆ ಸೇರುವಾಗ, ಈ ಯೋಜನೆ ನನ್ನದು ಎಂಬ ಒಂದು ಪುಟದ ಪತ್ರಕ್ಕೆ ಅವರ ಸಹಿ ಪಡೆದ ಮೇಲೆಯೇ ನಾನು ನನ್ನ ಸಹಿ ಹಾಕಿದೆ. ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಅದೇ ನನಗೆ ಹೆಚ್ಚು ಬೇಸರ ತಂದಿತು.

ಪೂರ್ಣಾವಧಿಯ ಆಸೆಯ ಬಗ್ಗೆಯೂ ಒಂದು ಮಾತು. ಅಂತರ್ಜಾಲದಲ್ಲಿ ದತ್ತಾಂಶ ಸಾಗಿಸುವ ಓಪನ್ ಸೋರ್ಸ್ ತಂತ್ರಾಂಶ, ಡೇನಿಯಲ್ ಸ್ಟೆನ್‌ಬರ್ಗ್ ಅವರ ಕರ್ಲ್, 1998ರಲ್ಲಿ ಬಿಡುಗಡೆಯಾಯಿತು. ಅದು ಅವರ ಪೂರ್ಣಾವಧಿ ಕೆಲಸವಾದದ್ದು 2019ರಲ್ಲಿ, ಅದೂ ಒಂದು ಕಂಪನಿ ಸಂಬಳ ಕೊಟ್ಟು ಕರೆದ ಮೇಲೆ. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದಾಗ, ಅಂತರ್ಜಾಲದ ಬಹುಪಾಲು ಮಾಹಿತಿಯನ್ನು ಗುಪ್ತವಾಗಿ ಸಾಗಿಸಲು ನೆಚ್ಚಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಎಂದು ಹೊರಬಿತ್ತು. ಈಗ ಪರಿಸ್ಥಿತಿ ಸ್ವಲ್ಪ ವಾಸಿ. ಬೆಂಗಳೂರಿನ ಷೇರು ವ್ಯವಹಾರದ ಕಂಪನಿ ಜೆರೋಧಾ 2024ರಲ್ಲಿ, ಓಪನ್ ಸೋರ್ಸ್ ಯೋಜನೆಗಳಿಗೆ ನೆರವಾಗಲು, ವರ್ಷಕ್ಕೆ 10 ಲಕ್ಷ ಡಾಲರ್‌ಗಳ ಫ್ಲಾಸ್ ಫಂಡ್ ಆರಂಭಿಸಿದೆ. ಅಲ್ಲಿಯೂ ಅವರು ನೋಡುವುದು ಈಗಾಗಲೇ ಜನ ಬಳಸುತ್ತಿರುವ ಯೋಜನೆಗಳನ್ನು.

ಇನ್ನು ಲೈಸೆನ್ಸ್: ಬೇರೆಯವರು ತಮ್ಮ ತಂತ್ರಾಂಶದೊಳಗೆ ಸೇರಿಸಿಕೊಳ್ಳಬೇಕೆಂಬ ಲೈಬ್ರರಿಯಾದರೆ ಎಂಐಟಿ ಹಾಕಿ. ಅದನ್ನು ಬದಲಿಸಿ ಹಂಚುವವರು ತಮ್ಮ ಬದಲಾವಣೆಯನ್ನೂ ತೆರೆದಿಡಬೇಕೆಂಬುದು ನಿಮ್ಮ ಹಟವಾದರೆ ಜಿಪಿಎಲ್.

ಸದ್ಯಕ್ಕೆ ಯೋಜನೆಯ ಫೋಲ್ಡರಿನಲ್ಲಿ ಗಿಟ್ ಲಾಗ್ ತೆರೆದು, ಮೊದಲ ಕಮಿಟ್‌ನ ಆಥರ್ ಸಾಲಿನಲ್ಲಿ ಯಾವ ವಿಳಾಸವಿದೆ ಎಂದು ನೋಡಿ ಇಲ್ಲಿಯೇ ಕೆಳಗೆ ಬರೆಯಿರಿ. ನೇಮಕಾತಿ ಪತ್ರದ ಆ ಕಲಮನ್ನೂ ಕಂಪನಿಯ ಹೆಸರು ತೆಗೆದು ಹಾಕಿದರೆ, ಕಂಪನಿಯನ್ನು ಏನೆಂದು ಕೇಳಬೇಕೆಂಬ ಪತ್ರದ ಒಕ್ಕಣೆಯನ್ನು ನಾನು ಬರೆದುಕೊಡುತ್ತೇನೆ.