ಬ್ಯಾಂಕ್ ಖಾತೆಯನ್ನು ಮೊಬೈಲ್ ನಂಬರಿನ ಹಾಗೆ ಬೇರೆ ಬ್ಯಾಂಕಿಗೆ ಪೋರ್ಟ್ ಮಾಡಬಹುದೇ? ನನ್ನದನ್ನೂ ಅಮ್ಮನದನ್ನೂ ಬದಲಿಸಬೇಕು, ಹಳೆಯದನ್ನು ಯಾವಾಗ ಮುಚ್ಚಲಿ?

ಪೋರ್ಟ್ ಮಾಡಲು ಬರುವುದಿಲ್ಲ. ನಮ್ಮಲ್ಲಿ ಬ್ಯಾಂಕ್ ಬದಲಾದರೆ ಖಾತೆ ನಂಬರೂ ಬದಲಾಗುತ್ತದೆ. ಬ್ರಾಂಚ್ ದೂರ ಅನ್ನುವುದಷ್ಟೇ ತೊಂದರೆಯಾದರೆ ಅದೇ ಬ್ಯಾಂಕಿನ ಹತ್ತಿರದ ಶಾಖೆಗೆ ವರ್ಗ ಮಾಡಿಸಿಕೊಳ್ಳಿ. ಸಾಮಾನ್ಯವಾಗಿ ನಂಬರ್ ಹಾಗೇ ಉಳಿದು ಶಾಖೆಯ ಕೋಡ್ ಆದ ಐಎಫ್‌ಎಸ್‌ಸಿ ಮಾತ್ರ ಬದಲಾಗುತ್ತದೆ.

ಬ್ಯಾಂಕೇ ಬೇಡ ಅಂತಾದರೆ, ದಯವಿಟ್ಟು ಹೊಸದು ತೆರೆದ ಕೂಡಲೇ ಹಳೆಯದನ್ನು ಮುಚ್ಚಬೇಡಿ. ನನ್ನ ಅಮ್ಮನ ಖಾತೆ ಬದಲಿಸುವಾಗ ನಾನು ಮಾಡಿದ ತಪ್ಪು ಅದೇ. ಹೊಸ ಬ್ಯಾಂಕಿನಲ್ಲಿ ಆಧಾರ್ ಕೊಟ್ಟಿದ್ದೆವು, ಹೆಬ್ಬೆಟ್ಟನ್ನೂ ಒತ್ತಿಸಿಕೊಂಡಿದ್ದರು. ಲಿಂಕ್ ಆಯಿತು ಅಂದುಕೊಂಡೆ. ಗೃಹಲಕ್ಷ್ಮಿಯ 2,000 ರೂಪಾಯಿ ಬರಲಿಲ್ಲ. ಅಮ್ಮ ಮೂರು ಸಲ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬಂದರು. ಮೂರನೇ ಸಲ ಕೌಂಟರಿನವರು, "ಕೆವೈಸಿ ಆಗಿದೆಯಮ್ಮ, ಸೀಡಿಂಗ್ ಆಗಿಲ್ಲ" ಅಂದರು.

ಇವೆರಡೂ ಬೇರೆ ಬೇರೆ. ಕೆವೈಸಿ ಅಂದರೆ ಗುರುತಿನ ಪರಿಶೀಲನೆ, ಸೀಡಿಂಗ್ ಅಂದರೆ ಸರ್ಕಾರಿ ಹಣ ಬರಲು ಆಧಾರನ್ನು ಆ ಬ್ಯಾಂಕಿಗೆ ಜೋಡಿಸುವುದು. ಆಧಾರ್ ಮೂಲಕ ಬರುವ ಸರ್ಕಾರಿ ಹಣ ಖಾತೆ ನಂಬರ್ ನೋಡಿ ಬರುವುದಿಲ್ಲ. ಬ್ಯಾಂಕುಗಳ ನಡುವಿನ ಪಾವತಿ ವ್ಯವಸ್ಥೆ ನಡೆಸುವ ಎನ್‌ಪಿಸಿಐನ ಮ್ಯಾಪರ್ ಎಂಬ ಪಟ್ಟಿಯಲ್ಲಿ ಒಂದು ಆಧಾರ್ ಎದುರು ಒಂದೇ ಬ್ಯಾಂಕ್ ಇರುತ್ತದೆ, ಕೊನೆಗೆ ಸೀಡ್ ಆದ ಬ್ಯಾಂಕಿಗೇ ಹಣ ಹೋಗುತ್ತದೆ. ಗ್ಯಾಸ್ ಸಬ್ಸಿಡಿ, ಪಿಎಂ ಕಿಸಾನ್‌ಗೂ ಇದೇ ದಾರಿ. ಹಾಗಾಗಿ ಹೊಸ ಬ್ಯಾಂಕಿನಲ್ಲಿ "ಡಿಬಿಟಿಗೆ (ಸರ್ಕಾರದ ಹಣ ನೇರ ಖಾತೆಗೆ ಬರುವುದಕ್ಕೆ) ಆಧಾರ್ ಸೀಡಿಂಗ್ ಮಾಡಿ" ಅಂತಲೇ ಕೇಳಿ, ಅದರ ಒಪ್ಪಿಗೆ ಫಾರಂ ಬೇರೆ ಇರುತ್ತದೆ. ಆಮೇಲೆ ಮೈಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿ. ಹೊಸ ಬ್ಯಾಂಕಿನ ಹೆಸರು ಕಂಡರೂ, ಹಣ ಒಂದು ಸಲ ಬಂದು ಬೀಳುವವರೆಗೆ ಕಾಯಿರಿ.

ನಿಮ್ಮ ಖಾತೆಯ ವಿಷಯಕ್ಕೆ ಬಂದರೆ, ಹಳೆ ಖಾತೆಯ ಪೂರ್ತಿ ಒಂದು ವರ್ಷದ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಹೋಗಿ. ಸಾಲದ ಕಂತು, ಎಸ್‌ಐಪಿ (ಮ್ಯೂಚುವಲ್ ಫಂಡ್ ಕಂತು) ತಿಂಗಳು ತಿಂಗಳೂ ಕಾಣುತ್ತವೆ. ಕಣ್ತಪ್ಪುವುದು ವರ್ಷಕ್ಕೊಮ್ಮೆ ಹೋಗುವಂಥವು. ನನ್ನ ಪಟ್ಟಿಯಲ್ಲಿ ಮೇ ಕೊನೆಗೆ 436 ಮತ್ತು 20 ರೂಪಾಯಿ ಕಡಿತವಾಗಿತ್ತು: ಜೀವನ್ ಜ್ಯೋತಿ ಮತ್ತು ಸುರಕ್ಷಾ ಬಿಮಾ. ಖಾತೆ ಮುಚ್ಚಿದರೆ ಈ ವಿಮೆಗಳೂ ನಿಲ್ಲುತ್ತವೆ. ಜೀವನ್ ಜ್ಯೋತಿಗೆ 50 ವರ್ಷ ದಾಟಿದವರು ಹೊಸದಾಗಿ ಸೇರುವಂತಿಲ್ಲ, ಮೊದಲೇ ಸೇರಿದ್ದವರಿಗೆ 55ರವರೆಗೆ ಮುಂದುವರಿಯುತ್ತದೆ. ನಿಮ್ಮ ಅಮ್ಮನಿಗೆ ಆ ವಯಸ್ಸಾಗಿದ್ದು ಈ ವಿಮೆ ಇದ್ದರೆ, ಹಳೆ ಖಾತೆ ಮುಚ್ಚುವ ಮಾತೇ ಬೇಡ. ಅದರಲ್ಲಿ ಕನಿಷ್ಠ ಬ್ಯಾಲೆನ್ಸ್ ಉಳಿಸಿ ನಡೆಸಿಕೊಂಡು ಹೋಗಿ.

ಸಂಬಳ, ಪಿಎಫ್, ಆದಾಯ ತೆರಿಗೆ ರೀಫಂಡ್‌ಗೆ ಹೊಸ ನಂಬರ್ ಕೊಡುವುದು ಸುಲಭ. ಸಾಲದ ಕಂತಿನ ಮ್ಯಾಂಡೇಟ್ (ತಾನಾಗಿ ಕಡಿತ ಮಾಡಿಕೊಳ್ಳಲು ಕೊಟ್ಟ ಒಪ್ಪಿಗೆ) ಬದಲಿಸಿದರೂ, ಹೊಸ ಖಾತೆಯಿಂದ ಕಂತು ಒಂದು ಸಲ ಕಡಿತವಾಗುವವರೆಗೆ ಹಳೆಯದರಲ್ಲೂ ಅಷ್ಟು ದುಡ್ಡು ಇರಲಿ. ಬೌನ್ಸ್ ಆದರೆ ದಂಡವೂ ಬೀಳುತ್ತದೆ, ಸಿಬಿಲ್ ಸ್ಕೋರಿಗೂ ಪೆಟ್ಟು.

ಇಷ್ಟಕ್ಕೆ ಮೂರು ತಿಂಗಳಾದರೂ ಬೇಕು. ಹಾಗಂತ ಮರೆತೂ ಬಿಡಬೇಡಿ, ಎರಡು ವರ್ಷ ವಹಿವಾಟಿಲ್ಲದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಮುಚ್ಚಲು ಹೋಗುವ ಹಿಂದಿನ ದಿನ ಹಳೆಯ ಸ್ಟೇಟ್‌ಮೆಂಟ್‌ಗಳನ್ನೆಲ್ಲ ಇಳಿಸಿಟ್ಟುಕೊಳ್ಳಿ, ಉಳಿದ ಚೆಕ್ ಹಾಳೆಗಳನ್ನು ಜೊತೆಗೆ ಒಯ್ಯಿರಿ.