ಪ್ರತಿಕ್ರಿಯೆ: 1880ರ ಮೈಲ್ಡ್ ಏಲ್ ತೆಳ್ಳಗಾಗಿ, ಸುಟ್ಟ ರುಚಿ ಬಂದಿದೆ

1880ರ ಮೈಲ್ಡ್ ಏಲ್ ಅಂತ ಮನೆಯಲ್ಲಿ ಮಾಡಿದ ಇಂಗ್ಲಿಷ್ ಬಿಯರ್ ಯಾಕೆ ಹೀಗಾಯಿತು ಎಂದು ಕೇಳಿದ್ದೀರಿ. ತೆಳ್ಳಗಾಗಲು ಕಾರಣ ಬಹುಮಟ್ಟಿಗೆ ನಿಮ್ಮ 64 ಡಿಗ್ರಿಯ ಮ್ಯಾಶ್, ಅಂದರೆ ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಬಿಸಿನೀರಲ್ಲಿ ನೆನೆಸಿ ಸಕ್ಕರೆ ಬಿಡಿಸುವ ಹಂತ. ಸುಟ್ಟ ಕಹಿಗೆ ಬಣ್ಣಕ್ಕೆಂದು ಸುರಿದ 300 ಗ್ರಾಂ ಬ್ಲ್ಯಾಕ್ ಮಾಲ್ಟ್ (ಕಪ್ಪಗೆ ಹುರಿದದ್ದು). ಸಾಂದ್ರತೆ (ನೀರು 1.000 ಎಂದಿಟ್ಟು ಅಳೆದದ್ದು) 1.036ರಿಂದ 1.005ಕ್ಕೆ ಇಳಿದಿದೆ ಅಂದರೆ ಯೀಸ್ಟ್ ಸಕ್ಕರೆ ಹೆಚ್ಚೇನೂ ಉಳಿಸಿಲ್ಲ. ಇನ್ನೊಂದು ಮಾತು, ಇದು 1880ರ ಮೈಲ್ಡ್ ಅಲ್ಲ. ಆಗಿನದು ಹುಳಿಯುವ ಮುನ್ನ 1.050 ಮೀರಿದ, ಬಣ್ಣ ತಿಳಿಯಾಗಿದ್ದ ಬಿಯರ್. 'ಮೈಲ್ಡ್' ಅಂದರೆ ಹಳತಾಗಿಸದ್ದು ಅಂತಷ್ಟೇ. ಕಪ್ಪಗಿನ, ಹಗುರದ್ದು ಮೊದಲ ಮಹಾಯುದ್ಧದ ನಂತರದ್ದು.

ಆ ಕಪ್ಪಗಿನದೇ ಬೇಕಿದ್ದರೆ ಮೊದಲು ಇನ್ವರ್ಟ್ ಸಕ್ಕರೆ (ಆಮ್ಲ ಹಾಕಿ ಕಾಯಿಸಿದ ಸಕ್ಕರೆ ಪಾಕ) ಮಾಡಿಕೊಳ್ಳಿ. 500 ಗ್ರಾಂ ಕಚ್ಚಾ ಕಬ್ಬಿನ ಸಕ್ಕರೆ, ಅರ್ಧ ಲೀಟರ್ ನೀರು, ಕಾಲು ಚಮಚ ಸಿಟ್ರಿಕ್ ಆಮ್ಲ. 116 ಡಿಗ್ರಿಗೆ ತಂದು ಎರಡೂವರೆಯಿಂದ ಮೂರೂವರೆ ಗಂಟೆ ಅಲ್ಲೇ ನಿಲ್ಲಿಸಿ. ಉಷ್ಣ ಏರಿದಾಗ ಒಂದೊಂದೇ ಚಮಚ ಬಿಸಿನೀರು ಹಾಕಿ, ಮುಖ ದೂರವಿರಲಿ, ಸಿಡಿಯುತ್ತದೆ. ಒಣದ್ರಾಕ್ಷಿಯ ವಾಸನೆ, ಕಡುಕೆಂಪು ಬಣ್ಣ ಬಂದರೆ ಇಳಿಸಿ. ಬೆಲ್ಲ ಬೇಡ, ಉಪ್ಪುಪ್ಪಾದ ರುಚಿ ಉಳಿಯುತ್ತದೆ.

20 ಲೀಟರಿಗೆ 2.7 ಕೆಜಿ ಪೇಲ್ ಮಾಲ್ಟ್, 200 ಗ್ರಾಂ ಕ್ರಿಸ್ಟಲ್ ಮಾಲ್ಟ್. 69 ಡಿಗ್ರಿಯಲ್ಲಿ ಒಂದು ಗಂಟೆ ಮ್ಯಾಶ್. ಕುದಿಯ ಶುರುವಿಗೆ 35 ಗ್ರಾಂ ಫಗಲ್ಸ್ (ಕಹಿ ಕೊಡುವ ಇಂಗ್ಲಿಷ್ ಹಾಪ್ಸ್ ಹೂ), ಕೊನೆಯ ಹತ್ತು ನಿಮಿಷಕ್ಕೆ 350 ಗ್ರಾಂ ಇನ್ವರ್ಟ್, ತಳ ಹಿಡಿಯದಂತೆ ಕಲಕುತ್ತಾ. ನೀವು ಬಳಸಿದ ಅಮೆರಿಕನ್ ಯೀಸ್ಟ್ ಬಿಟ್ಟು ವಿಂಡ್ಸರ್ ಎಂಬ ಇಂಗ್ಲಿಷ್ ಯೀಸ್ಟ್ ಹಾಕಿ, 19 ಡಿಗ್ರಿಯಲ್ಲಿ ಹುಳಿಯಲು ಬಿಡಿ. 1.012ರ ಆಸುಪಾಸು ನಿಲ್ಲಬಹುದು. ಎರಡು ದಿನ ಸಾಂದ್ರತೆಯ ಅಳತೆ ಕದಲದಿದ್ದರೆ ಮಾತ್ರ ಬಾಟಲಿಗೆ. ಬಾಟಲಿಯಲ್ಲಿ ಗುಳ್ಳೆ ಬರಿಸುವ ಪ್ರೈಮಿಂಗ್ ಸಕ್ಕರೆ ಒಟ್ಟು 50 ಗ್ರಾಂ ಸಾಕು. ನೀವು ಹಾಕಿದ 140 ಗ್ರಾಂ ಲಾಗರಿಗೆ ಸರಿ. ಆ ಗುಳ್ಳೆಗಳೂ ಮೈಲ್ಡನ್ನು ಇನ್ನಷ್ಟು ತೆಳ್ಳಗೆ ತೋರಿಸುತ್ತವೆ.